ಗೌಡರ ಮೋಟಾರಿನ ಹೊಗೆ

ಮೋಟಾರಿನ ಹಿಂದೆ ಬರುವ ಹೊಗೆ ನೋಡಿದರೆ ಎಂಜಿನ್ನಿನ ಕಾಯಿಲೆ ತಿಳಿಯುತ್ತದೆ. ಓಡಿಸುವವರ ಕಾಯಿಲೆ ತಿಳಿಯುವ ಉಪಾಯ ಮಾತ್ರ ನನಗೆ ಸಿಗಲೇ ಇಲ್ಲ. ಯುದ್ಧದ ಕಾಲದಲ್ಲಿ ನಾನು ಹಲಸೂರಿನ ವರ್ಕ್‌ಶಾಪೊಂದರಲ್ಲಿ ಮೆಕ್ಯಾನಿಕ್ ಆಗಿದ್ದಾಗ, ಎತ್ತಿನ ಗಾಡಿ ಬಿಟ್ಟು ಹಳೇ ಮೋಟಾರು ಕೊಂಡ ಹೊರಮಾವು ಹಳ್ಳಿಯ ಗೌಡರೊಬ್ಬರು ನನಗೆ ಗಂಟುಬಿದ್ದರು.

ನೀಲಿ

ಮೊದಲ ಸಲ ನೀಲಿ ಹೊಗೆ. ಎಂಜಿನ್ ಎಣ್ಣೆ ಸುಡುತ್ತಿದೆ ಎಂದರ್ಥ.

"ಎಣ್ಣೆ ಎಷ್ಟು ಹಾಕ್ತೀರಿ ಗೌಡ್ರೇ?"

"ದಿನಾ ಬೆಳಿಗ್ಗೆ ಒಂದು ಪಾವು. ಗಾಡಿ ಅಚ್ಚಿಗೂ ಹಾಗೇ ಹಾಕ್ತಿದ್ದೆ."

ಹೆಚ್ಚಾಗಿದ್ದ ಎಣ್ಣೆ ತೆಗೆದರೆ ಬಕೆಟ್ಟಿನಲ್ಲಿ ಹಿಡಿಯಲಿಲ್ಲ. ಗೌಡರು ಅದನ್ನು ನೋಡಿ, "ಪಾಪ, ಮೋಟಾರನ್ನ ಉಪವಾಸ ಕೆಡವಿದ್ರಲ್ಲ ಮೇಸ್ತ್ರಿ" ಎಂದರು.

ಕಪ್ಪು

ಹದಿನೈದು ದಿನಕ್ಕೆ ಕಪ್ಪು ಹೊಗೆ. ಪೆಟ್ರೋಲು ಮಿತಿಮೀರಿ ಹೋಗುತ್ತಿದೆ. ರೇಷನ್ ಕೂಪನ್ನಿಗೆ ಸಿಗುವ ಪೆಟ್ರೋಲು ಎರಡೇ ದಿನಕ್ಕೆ ಖಾಲಿಯಂತೆ. ಕಾರ್ಬ್ಯುರೇಟರ್ ಬಿಚ್ಚಿದೆ, ತೊಳೆದೆ, ಕೂಡಿಸಿದೆ. ಮತ್ತೆ ಕಪ್ಪು. ಕೊನೆಗೆ ಒಳಗೆ ಇಣುಕಿದರೆ, ಎಳೆದರೆ ಪೆಟ್ರೋಲು ಹೆಚ್ಚು ಹರಿಸುವ ಚೋಕ್ ಗುಂಡಿ ಪೂರ್ತಿ ಹೊರಗೆ ಬಂದಿತ್ತು, ಅದಕ್ಕೆ ಗೌಡರ ಕೈಚೀಲ ನೇತಾಡುತ್ತಿತ್ತು.

"ಅದು ಚೀಲ ಹಾಕೋ ಗೂಟ ಅಲ್ವಾ?"

ವರ್ಕ್‌ಶಾಪಿನ ಮಾಲೀಕರಿಗೆ ರೇಗಿತು, ಅದೂ ನನ್ನ ಮೇಲೆ. "ಈ ಗಾಡಿ ಇನ್ನೊಂದ್ಸಲ ಹೊಗೆ ಬಿಟ್ಕೊಂಡು ಬಂದ್ರೆ, ನೀನು ನಾಳೆಯಿಂದ ಬರ್ಬೇಡ" ಎಂದರು. ಮನೆಯಲ್ಲಿ ಐದು ಬಾಯಿ. ನಿಜಕ್ಕೂ ಹೆದರಿದೆ.

ಬಿಳಿ

ಮುಂದಿನ ವಾರವೇ ಬಿಳಿ ಹೊಗೆ. ಪುಣ್ಯಕ್ಕೆ ಮಾಲೀಕರು ರಿಚರ್ಡ್ಸ್ ಟೌನಿಗೆ ಹೋಗಿದ್ದರು.

"ಗೌಡ್ರೇ, ಗ್ಯಾಸ್ಕೆಟ್ ಒಡೆದಿದೆ. ಎಂಜಿನ್ ಒಳಗೆ ನೀರು ಹೋಗ್ತಿದೆ. ಎರಡು ದಿನ ಬಿಟ್ಟುಹೋಗಿ."

"ಆಗಲ್ಲ, ಮನೆಗೆ ಬೀಗರು ಬರ್ತಾರೆ."

"ಹಾಗಾದ್ರೆ ನಿಮ್ಮ ಕಾಲಿಗೆ ಬೀಳ್ತೀನಿ, ಹೊಗೆ ಬಿಟ್ಕೊಂಡು ಇಲ್ಲಿಗೆ ಬರ್ಬೇಡಿ. ನನ್ನ ಕೆಲಸ ಹೋಗುತ್ತೆ."

ಅವರಿಗೆ ಕನಿಕರ ಬಂತು. "ಚಿಂತೆ ಬಿಡಿ ಮೇಸ್ತ್ರಿ, ನಾನು ನೋಡ್ಕೋತೀನಿ" ಎಂದು ಹೊರಟರು.

ಹೊಗೆ ಇಲ್ಲ

ನಾಲ್ಕು ದಿನದ ಮೇಲೆ ಲಾರಿಯೊಂದರ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದೆ. ಗೌಡರ ಮೋಟಾರಿನ ಚಕ್ರಗಳು ಒಳಗೆ ಬಂದವು. ಪ್ರಾಣವೇ ಹೋದಂತಾಯಿತು. ಹೊಗೆಗೊಳವೆ ನೋಡಿದೆ, ಒಂದೆಳೆ ಹೊಗೆಯಿಲ್ಲ. ಕೊಳವೆಯ ಬಾಯಿಗೆ ತೆಂಗಿನ ನಾರು ತುರುಕಿ ಹಸಿ ಮಣ್ಣು ಮೆತ್ತಿದ್ದರು. ಹಾಗೆ ಮುಚ್ಚಿದರೆ ಎಂಜಿನ್ ಓಡುವುದು ಹೇಗೆ ಎಂದು ಮುಂದಕ್ಕೆ ಕಣ್ಣು ಹಾಯಿಸಿದೆ. ಮುಂದಿನ ಚಕ್ರಗಳ ಆಚೆ ಎಂಟು ಗೊರಸುಗಳು ಕಂಡವು.

ನಾನು ಲಾರಿಯ ಅಡಿಯಿಂದ ಹೊರಬಂದೆ. ಮಾಲೀಕರು ಎತ್ತುಗಳನ್ನು ನೋಡಿದರು, ಕೊಳವೆ ನೋಡಿದರು, ನನ್ನನ್ನು ನೋಡಿದರು. "ಹೊಗೆ ಇಲ್ಲ ತಾನೇ? ಹೋಗು, ಕೆಲಸ ನೋಡ್ಕೋ" ಎಂದರು.

ಕೆಲಸ ಉಳಿಯಿತು. ಅಳಬೇಕೋ ನಗಬೇಕೋ ತಿಳಿಯದೆ ನಿಂತಿದ್ದಾಗ ಗೌಡರು ಹತ್ತಿರ ಬಂದು ದನಿ ತಗ್ಗಿಸಿದರು:

"ಹೀಗೆ ಓಡಿಸಿದ್ರೆ ಪೆಟ್ರೋಲೂ ಬೇಡ, ಎಣ್ಣೆಯೂ ಬೇಡ. ನಮ್ಮ ಭಾವಮೈದನ ಮೋಟಾರೂ ಹೊಗೆ ಬಿಡ್ತಿದೆ ಮೇಸ್ತ್ರಿ. ನೀವು ಬೇರೇನೂ ಬಿಚ್ಚಬೇಡಿ, ಅದಕ್ಕೂ ಎತ್ತು ಕಟ್ಟೋಕೆ ಮುಂದೆ ಒಂದು ಕೊಕ್ಕೆ ಹಾಕ್ಕೊಡಿ ಸಾಕು."