ಅಪ್ಪನ ಪೆಟ್ಟಿಗೆಗೆ ಕಾರಿನ ಕರೆಂಟು

"ಇನ್ಮೇಲೆ ಈ ಮನೇಲಿ ಕರೆಂಟು ಹೋಗಲ್ಲ! ಬೇಕಾದ್ರೆ ಬರ್ದಿಟ್ಕೊಳ್ಳಿ!"

ಹೀಗೆಂದು ಸಿದ್ದೇಶ್ ಘೋಷಣೆ ಮಾಡಿದ್ದು ಮನೆಯ ಜಗುಲಿಯ ಮೇಲೆ ನಿಂತು, ಹೆಬ್ಬೆರಳು ದಪ್ಪದ ವೈರನ್ನು ರಾಜದಂಡದ ಹಾಗೆ ಎತ್ತಿ ಹಿಡಿದು. ಕೇಳಿಸಿಕೊಂಡವರು ಹೆಂಡತಿ ನಾಗಶ್ರೀ, ಅವ್ವ ಪುಟ್ಟಮಾದಮ್ಮ, ಅಪ್ಪ ಕೆಂಪಸಿದ್ದಯ್ಯ ಮತ್ತು ಪಕ್ಕದ ಮನೆಯ ಎಮ್ಮೆ. ಇವರಲ್ಲಿ ಎದುರು ಮಾತಾಡದೆ ಒಪ್ಪಿಕೊಂಡದ್ದು ಎಮ್ಮೆಯೊಂದೇ.

ಸಿದ್ದೇಶ್ ಗೆಜ್ಜಲಗೆರೆಯ ಒಂದು ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಊರು ಅಲ್ಲಿಂದ ಹೆಚ್ಚು ದೂರವಿಲ್ಲ. ಕಾರ್ಖಾನೆಗೆ ಹೋಗಿಬರಲೆಂದು ಮದ್ದೂರಿನ ಡಾಕ್ಟರೊಬ್ಬರು ಓಡಿಸಿ ಬಿಟ್ಟ ಎಲೆಕ್ಟ್ರಿಕ್ ಕಾರೊಂದನ್ನು ತಂದಿದ್ದ. ಎರಡೇ ಬಾಗಿಲು, ಮೊಣಕಾಲು ಗದ್ದಕ್ಕೆ ತಾಗುವ ಸೀಟು. ಹೊಸತರಲ್ಲಿ ಮೈಸೂರಿಗೆ ಹೋಗಿ ಬರುತ್ತಿದ್ದ ಕಾರು ಈಗ ಮಂಡ್ಯ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಆದರೇನು? ಓಡುವುದಕ್ಕೆ ಸುಸ್ತಾದ ಬ್ಯಾಟರಿ ದೀಪ ಉರಿಸುವುದಕ್ಕೆ ಸುಸ್ತಾಗಬೇಕಿಲ್ಲವಲ್ಲ! ಇದು ಸಿದ್ದೇಶನ ಸಿದ್ಧಾಂತ. ಬಾಗಿಲು ಮುಚ್ಚಿದ ಕಂಪ್ಯೂಟರ್ ಸೆಂಟರಿನಿಂದ ಭಾರೀ ಇನ್ವರ್ಟರೊಂದನ್ನು ಹೊತ್ತು ತಂದು ಹಾಲ್‌ನಲ್ಲಿ ಪ್ರತಿಷ್ಠಾಪಿಸಿದ. ಕಿಟಕಿಯ ಸರಳಿನ ನಡುವೆ ವೈರು ತೂರಿಸಿ ಕಾರಿಗೂ ಮನೆಗೂ ಸಂಬಂಧ ಕುದುರಿಸಿದ.

ಕೆಂಪಸಿದ್ದಯ್ಯ ಸರ್ಕಾರಿ ಬಸ್ಸಿನ ಡ್ರೈವರಾಗಿ, ಮದ್ದೂರು ಮಳವಳ್ಳಿ ದಾರಿಯ ಗುಂಡಿಗಳನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲವರಾಗಿ ರಿಟೈರಾದವರು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು ತೀರ್ಪು ಕೊಟ್ಟರು.

"ಗೇರಿಲ್ಲ, ಕ್ಲಚ್ಚಿಲ್ಲ, ಸಬ್ದಾನೇ ಇಲ್ಲ. ಗಾಡಿ ತತ್ತೀನಿ ಅಂತ ಓಗಿ ಮಿಕ್ಸಿ ತಂದಿದ್ದೀಯಲ್ಲಾ!"

"ಮಿಕ್ಸೀನೂ ಓಡುಸ್ತದೆ ಕಣಪ್ಪ, ನೋಡ್ತಿರು!"

ಓಡಿಸಿತು ಕೂಡ! ಊರಿಗೆ ಊರೇ ಕತ್ತಲಲ್ಲಿದ್ದ ಆ ಸಂಜೆ ಸಿದ್ದೇಶನ ಮನೆಯಲ್ಲಿ ಟ್ಯೂಬ್‌ಲೈಟು ಉರಿಯಿತು, ಫ್ಯಾನು ತಿರುಗಿತು, ಮಿಕ್ಸಿಯಲ್ಲಿ ಕಾಯಿ ಚಟ್ನಿ ನುಣ್ಣಗಾಯಿತು. ಸಿದ್ದೇಶ್ ಚಟ್ನಿ ನೆಕ್ಕುತ್ತ ವಿಜ್ಞಾನದ ಮೇಲೆ ಭಾಷಣ ಮಾಡಿದ. ನಾಗಶ್ರೀ ಮಾತ್ರ, "ಉಪ್ಪು ಕಮ್ಮಿಯಾಗಿದೆ. ಅದನ್ನೂ ಕಾರಿನಿಂದ ಎಳ್ಕೊಳ್ಳೋಕಾಗುತ್ತಾ?" ಎಂದಳು.

ಮಾರನೆಯ ಬೆಳಿಗ್ಗೆಯೇ ವಿಜ್ಞಾನಕ್ಕೆ ಏಟು ಬಿತ್ತು. ಡ್ಯೂಟಿಗೆ ತಡವಾಯಿತೆಂದು ಓಡಿಬಂದ ಸಿದ್ದೇಶ್ ವೈರು ಬಿಚ್ಚುವುದನ್ನು ಮರೆತು ಕಾರು ಹೊರಡಿಸಿದ. ಕಾರು ಮುಂದೆ, ವೈರು ಹಿಂದೆ, ವೈರಿನ ಹಿಂದೆ ಇನ್ವರ್ಟರು, ಇನ್ವರ್ಟರಿನ ಮೇಲಿಟ್ಟಿದ್ದ ಹೂವಿನ ಕುಂಡ, ಎಲ್ಲ ಸೇರಿ ಕಿಟಕಿಯವರೆಗೆ ಮೆರವಣಿಗೆ ಹೊರಟವು. ಕಿಟಕಿಯ ಸರಳು ಗಟ್ಟಿಯಿತ್ತು, ಬಚಾವು! ಜಗುಲಿಯಲ್ಲಿ ಕೂತು ಪೇಪರು ಓದುತ್ತಿದ್ದ ಕೆಂಪಸಿದ್ದಯ್ಯ ತಲೆ ಎತ್ತಿ ಕೇಳಿದರು.

"ಮನೆನೂ ಜೊತೇಲೇ ಡ್ಯೂಟಿಗೆ ಕರ್ಕಂಡು ಓಯ್ತಿದ್ದೀಯೇನ್ಲಾ?"

ಊರಲ್ಲಿ ಆ ಮಾತು ಬಹಳ ದಿನ ಓಡಾಡಿತು. ಆದರೂ ಕರೆಂಟು ಹೋದ ದಿನ ಧಾರಾವಾಹಿ ತಪ್ಪಿಸಿಕೊಳ್ಳದೆ ನೋಡುತ್ತಿದ್ದವರಲ್ಲಿ ಕೆಂಪಸಿದ್ದಯ್ಯನೇ ಮೊದಲು. ಹೊಗಳುವುದು ಮಾತ್ರ ಅವರ ಜಾಯಮಾನದಲ್ಲಿರಲಿಲ್ಲ. "ಮಿಕ್ಸಿ ಪರವಾಗಿಲ್ಲ" ಎಂದು ಒಮ್ಮೆ ಹೆಂಡತಿಯ ಹತ್ತಿರ ಹೇಳಿದ್ದರಂತೆ. ಅದನ್ನು ಕೇಳಿ ಸಿದ್ದೇಶ್ ಒಂದು ವಾರ ಎದೆಯುಬ್ಬಿಸಿಕೊಂಡು ತಿರುಗಿದ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಎದ್ದು ಹೋಗಬಹುದಿತ್ತು. ಆದರೆ ಕೆಂಪಸಿದ್ದಯ್ಯ ಒಂದು ಮಧ್ಯಾಹ್ನ ಮುದ್ದೆ, ಉಪ್ಸಾರು ಉಂಡು ಮಲಗಿದವರು, ಸಂಜೆ ಕಾಫಿಗೆ ಎಬ್ಬಿಸಿದರೆ ಏಳಲಿಲ್ಲ. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಡಿಪೋಗೆ ಗಾಡಿ ಬಿಟ್ಟು ಮನೆಗೆ ಹೋದವರ ಹಾಗೆ ಹೋಗಿಬಿಟ್ಟರು. ಪುಟ್ಟಮಾದಮ್ಮ ಲೋಟ ಕೈಯಲ್ಲಿ ಹಿಡಿದುಕೊಂಡೇ ಕುಸಿದು ಕೂತಳು. ಆ ಕಾಫಿ ಹಾಗೆಯೇ ಆರಿಹೋಯಿತು.

ಸಿದ್ದೇಶನ ತಂಗಿ ಶೋಭಿತಾ ರಾಯಚೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಅಪ್ಪನ ಮುದ್ದಿನ ಮಗಳು. ಸುದ್ದಿ ತಿಳಿಸಲು ಸಿದ್ದೇಶ್ ಅವಳಿಗೆ ಫೋನು ಮಾಡಿದ.

"ಅಣ್ಣ, ನಾ ಬರೋಗಂಟ ಎತ್ತಬ್ಯಾಡಿ. ನಾನು ಅಪ್ಪನ ಮುಖ ನೋಡ್ಬೇಕು."

"ಎತ್ತಲ್ಲ ಕಣವ್ವ. ನಾನಿದ್ದೀನಿ, ಅಪ್ಪನ್ನ ಹಂಗೇ ಇಟ್ಕೊಂಡಿರ್ತೀನಿ. ನೀನು ಬಾ."

ಕೊಟ್ಟ ಮಾತು ಉಳಿಸಿಕೊಳ್ಳಲು ಮದ್ದೂರಿನಿಂದ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ತರಿಸಿದ್ದಾಯಿತು. ಕೆಂಪಸಿದ್ದಯ್ಯ ಅದರೊಳಗೆ ಮಲಗಿದರು. ಪೆಟ್ಟಿಗೆ ಗುರ್ ಎಂದು ಸದ್ದು ಮಾಡುತ್ತಿತ್ತು. ಅವರಿಗೆ ಇಷ್ಟವಾಗುವಷ್ಟು ಸದ್ದಿತ್ತು ಅದಕ್ಕೆ.

ಬೆಳಗಾಯಿತು. ಗಾಳಿ ಎದ್ದಿತು. ತೆಂಗಿನ ಗರಿಯೊಂದು ಲೈನಿನ ಮೇಲೆ ಬಿತ್ತು, ಊರ ಮುಂದಿನ ಟ್ರಾನ್ಸ್‌ಫಾರ್ಮರ್ ಢಮಾರ್ ಎಂದಿತು, ಪೆಟ್ಟಿಗೆ ಮೌನವಾಯಿತು. ನೆರೆದಿದ್ದವರೆಲ್ಲ ಒಟ್ಟಿಗೆ ಸಿದ್ದೇಶನ ಮುಖ ನೋಡಿದರು. ಇಷ್ಟು ದಿನ ಆಡಿಕೊಂಡು ನಕ್ಕ ಊರು, ಈಗ ಕಾರಿನ ಕಡೆ ಕೈಮುಗಿಯುವುದೊಂದು ಬಾಕಿ! ಸಿದ್ದೇಶ್ ಕಣ್ಣೊರೆಸಿಕೊಂಡು ಎದ್ದ, ವೈರು ಎಳೆದ, ಗುಂಡಿ ಒತ್ತಿದ. ಪೆಟ್ಟಿಗೆ ಮತ್ತೆ ಗುರ್ ಎಂದಿತು.

"ಎಷ್ಟೊತ್ತು ಬತ್ತದ್ಲಾ ಇದು?" ಎಂದು ಕೇಳಿದ ಚಿಕ್ಕಬೋರಯ್ಯ. ಅಪ್ಪನ ಜೊತೆಗಾರ, ಈಗ ಸಾವಿನ ಕೆಲಸಗಳಿಗೆಲ್ಲ ಯಜಮಾನ.

"ಸಂಜೆಗಂಟ ಕಣ್ಮುಚ್ಕೊಂಡು ಬತ್ತದೆ ಕಣ್ ದೊಡ್ಡಪ್ಪ!" ಎಂದುಬಿಟ್ಟ ಸಿದ್ದೇಶ್. ಗಾಜಿನೊಳಗೆ ಕಣ್ಮುಚ್ಚಿ ಮಲಗಿದ್ದವರನ್ನು ನೋಡಿ ನಾಲಿಗೆ ಕಚ್ಚಿಕೊಂಡ.

ಬಂದವರು ಮೊದಲು ಒಳಗೆ ಹೋಗಿ ಅತ್ತರು, ಆಮೇಲೆ ಹೊರಗೆ ಬಂದು ಕಾರು ನೋಡಿದರು. ನೋಡಿದವರು ಸುಮ್ಮನಿರುತ್ತಾರೆಯೇ? ಹೇಗೆ, ಏನು, ಎತ್ತ ಎಂದು ಕೇಳಿದರು. ಕೇಳಿದರೆ ಸಿದ್ದೇಶ್ ಸುಮ್ಮನಿರುತ್ತಾನೆಯೇ? "ಅಪ್ಪಾ, ಬುಟ್ಟೋದ್ಯಲ್ಲಪ್ಪಾ" ಎಂದು ಒಂದು ಸಲ ಬಿಕ್ಕುವುದು, "ಇದು ನಲವತ್ತೆಂಟು ವೋಲ್ಟು" ಎಂದು ಒಂದು ಸಲ ವಿವರಿಸುವುದು. ಕೊನೆಗೆ ನಾಗಶ್ರೀ ಅವನ ರಟ್ಟೆ ಹಿಡಿದು ಮೂಲೆಗೆಳೆದಳು. ಅವಳ ಕಣ್ಣುಗಳು ಅತ್ತು ಅತ್ತು ಊದಿದ್ದವು.

"ರೀ, ಮೊದಲು ಅಳೋದು ಮುಗಿಸಿ. ಆಮೇಲೆ ವೋಲ್ಟು ಹೇಳಿ."

"ಅತ್ರೆ ನಿಲ್ಲಲ್ಲ ಕಣೇ. ಅದಕ್ಕೇ ವೋಲ್ಟು ಹೇಳ್ತಿರೋದು."

ನಾಗಶ್ರೀ ಹತ್ತಿರ ಸರಿದಳು. ಸೆರಗಿನಿಂದ ಅವನ ಮುಖ ಒರೆಸಿದಳು.

ಶೋಭಿತಾಳ ಫೋನು ಬಂತು. ಬೆಂಗಳೂರಿನಲ್ಲಿ ರೈಲು ತಪ್ಪಿಹೋಗಿದೆ, ಮುಂದಿನದು ಹಿಡಿದಿದ್ದೇನೆ, ಮದ್ದೂರಿನಲ್ಲಿ ಇಳಿಯುತ್ತೇನೆ ಎಂದಳು. ಸಿದ್ದೇಶ್ ತಕ್ಷಣ ಕಾರಿನ ಕೀಲಿ ತೆಗೆದುಕೊಂಡ.

"ಎಲ್ಲಿಗೆ?" ನಾಗಶ್ರೀ ಕೇಳಿದಳು.

"ಮದ್ದೂರಿಗೆ. ತಂಗಿ ಕರ್ಕೊಂಡು ಬರೋಕೆ."

"ಕಾರು ತಗೊಂಡು ಹೋದ್ರೆ ಪೆಟ್ಟಿಗೆ?"

ಸಿದ್ದೇಶ್ ಕೀಲಿ ಜೇಬಿಗಿಟ್ಟು ಮತ್ತೆ ಕೂತ. ಆಟೋ ಹಿಡಿದು ಬಾ ಎಂದು ತಂಗಿಗೆ ಹೇಳಿದ. ಅಪ್ಪನನ್ನು ಕಾಯುವ ಕಾರು ತಂಗಿಯನ್ನು ತರಲಾರದು, ತಂಗಿಯನ್ನು ತರುವ ಕಾರು ಅಪ್ಪನನ್ನು ಕಾಯಲಾರದು. ಇದು ಅವನ ಸಿದ್ಧಾಂತದಲ್ಲಿ ಇರಲಿಲ್ಲ.

ಹೊತ್ತು ನೆತ್ತಿಗೆ ಬಂತು. ಇನ್ವರ್ಟರು ಕುಯ್ ಕುಯ್ ಎಂದು ಕೂಗತೊಡಗಿತು. ಬ್ಯಾಟರಿ ಮುಗಿಯುತ್ತ ಬಂದರೆ ಮಾತ್ರ ಹಾಗೆ ಕೂಗುವುದು. ಇಷ್ಟು ಬೇಗ! ಸಿದ್ದೇಶ್ ವೈರು ಹಿಡಿದು ಮನೆಯೊಳಗೆ ಪತ್ತೇದಾರಿ ಶುರುಮಾಡಿದ. ಟಿವಿಯ ಪಕ್ಕ ನೆಂಟರ ಮೊಬೈಲುಗಳು ಚಾರ್ಜಿಗೆ ಕೂತಿದ್ದವು, ಹೋಗಲಿ. ನಡುಮನೆಯಲ್ಲಿ ಫ್ಯಾನು ತಿರುಗುತ್ತಿತ್ತು, ಅದೂ ಹೋಗಲಿ. ಹಿಂದಿನ ಕೋಣೆಯ ಬಾಗಿಲು ತಳ್ಳಿದರೆ, ಬಿಸಿ ಬಿಸಿ ಕಾಫಿಯ ಘಮ!

ಕಪಾಟಿನ ಮೇಲಿದ್ದ ಇಂಡಕ್ಷನ್ ಒಲೆ ನೆಲಕ್ಕಿಳಿದಿತ್ತು. ಅದರ ಮೇಲೆ ಮದುವೆ ಮನೆಗೆ ಸಾಲುವಂಥ ಪಾತ್ರೆ. ಪಕ್ಕದಲ್ಲಿ ಮಳವಳ್ಳಿಯಿಂದ ಬಂದ ಸೋದರತ್ತೆ ಬೆಟ್ಟಮ್ಮ, ಅಪ್ಪನ ಬೆನ್ನಿಗೆ ಬಿದ್ದ ತಂಗಿ, ಸೌಟು ಹಿಡಿದು ಕೂತಿದ್ದಳು. ಆಗಲೇ ಕಾಯಿಸಿಳಿಸಿದ ಇನ್ನೊಂದು ಪಾತ್ರೆ ಗೋಡೆ ಪಕ್ಕದಲ್ಲಿತ್ತು.

"ಅತ್ತೇ! ಸಾವಿನ ಮನೇಲಿ ಎತ್ತೋಗಂಟ ಒಲೆ ಹಚ್ಚಬಾರ್ದು ಅಂತ ಬೆಳಿಗ್ಗೆ ನಾಗಶ್ರೀಗೆ ಬೈದೋಳು ನೀನೇ ಅಲ್ವಾ?"

"ಊ ಕಣ್ಲಾ, ಅಚ್ಚಬಾರ್ದು. ಅಚ್ಚಿಲ್ಲ."

"ಮತ್ತೆ ಇದೇನು?"

"ಕಡ್ಡಿ ಗೀರಿದ್ನಾ? ಇಲ್ಲ. ಬೆಂಕಿ ಅದಾ? ಇಲ್ಲ. ಒಗೆ ಅದಾ? ಇಲ್ಲ. ಒಲೆ ಅಚ್ಚಿಲ್ಲ ಕಣ್ಲಾ, ಒತ್ತಿವ್ನಿ!"

ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ! ಕಾರಿನ ಪ್ರಾಣವನ್ನೆಲ್ಲ ಆ ಚಪ್ಪಟೆ ಒಲೆ ಹೀರಿತ್ತು. ಸಿದ್ದೇಶ್ ಕೂಗಾಡಲು ಬಾಯಿ ತೆರೆದ. ಅಷ್ಟರಲ್ಲಿ ಬೆಟ್ಟಮ್ಮ ದನಿ ತಗ್ಗಿಸಿದಳು.

"ನಿಮ್ಮವ್ವ ನೆನ್ನೆಯಿಂದ ಬಾಯ್ಗೆ ಒಂದು ತೊಟ್ಟು ನೀರು ಬುಟ್ಟಿಲ್ಲ ಕಣೋ. ಸಕ್ರೆ ಕಾಯ್ಲೆಯೋಳು. ಅಣ್ಣ ಓದ, ಅತ್ಗೆನೂ ಕಳ್ಕಳನಾ? ಅವ್ಳಿಗೆ ಅಂತ ಗಂಜಿ ಕಾಯ್ಸ್‌ದೆ. ಅಂಗೇ ಬಂದೋರ್ಗೆ ಒಂದೊಂದು ತೊಟ್ಟು ಕಾಪಿ."

ತೆರೆದ ಬಾಯಿ ಹಾಗೇ ಮುಚ್ಚಿತು. ನಡುಮನೆಯಲ್ಲಿ ಪುಟ್ಟಮಾದಮ್ಮ ಗಂಜಿಯ ಲೋಟ ಹಿಡಿದು ಕೂತಿದ್ದಳು, ಅರ್ಧ ಕುಡಿದಿದ್ದಳು. ಬೈಯುವುದು ಯಾರನ್ನು? ಆ ಹೊತ್ತಿಗೆ ಕುಯ್ ಕುಯ್ ನಿಂತಿತು. ಪೆಟ್ಟಿಗೆಯ ಗುರ್ ಸದ್ದೂ ನಿಂತಿತು.

ಗಾಜಿನ ಒಳಗೆಲ್ಲ ಹನಿ ಕಟ್ಟಿಕೊಂಡು ಅಪ್ಪನ ಮುಖ ಮಸುಕಾಯಿತು. ಚಿಕ್ಕಬೋರಯ್ಯ ಮುಚ್ಚಳ ತೆಗೆಸಿದ. ಸಿದ್ದೇಶನ ಹೆಗಲ ಮೇಲೆ ಕೈಯಿಟ್ಟ.

"ಎತ್ತಬುಡನ ಕಣ್ಲಾ. ಗುಂಡಿನೂ ತೆಗ್ದಾಯ್ತು. ಇನ್ನು ಮಡಿಕ್ಕಳಕ್ಕಾಗಕಿಲ್ಲ."

"ತಂಗಿ ಬಂದ್ಬುಡ್ಲಿ ದೊಡ್ಡಪ್ಪ."

"ಯಾವಾಗ ಬಂದಾಳು? ಬಿಸ್ಲು ನೋಡು ಎಂಗದೆ."

"ನಾನು ಮಾತು ಕೊಟ್ಟಿದ್ದೀನಿ ದೊಡ್ಡಪ್ಪ. ನಿಮ್ಮ ಕಾಲು ಹಿಡೀತೀನಿ. ಅವಳು ನೋಡ್ಲಿ."

ಕಾಲು ಹಿಡಿಯುವ ಮಾತು ಬಾಯಿಮಾತಾಗಿರಲಿಲ್ಲ. ಹಿಡಿದೇಬಿಟ್ಟ. ಚಿಕ್ಕಬೋರಯ್ಯ ಮುಖ ತಿರುಗಿಸಿಕೊಂಡು ಹೋಗಿ ಜಗುಲಿಯಲ್ಲಿ ಕೂತ. ಯಾರೂ ಎತ್ತುವ ಮಾತಾಡಲಿಲ್ಲ.

ಸಿದ್ದೇಶ್ ಅಟ್ಟದಲ್ಲಿದ್ದ ಕಾರ್ಖಾನೆಯ ಡಬ್ಬವೊಂದರ ರಟ್ಟು ಕಿತ್ತು ತಂದ. ಪೆಟ್ಟಿಗೆಯ ಪಕ್ಕ ಮಂಡಿಯೂರಿ ಬೀಸತೊಡಗಿದ. ನೊಣ ಹತ್ತಿರ ಬಂದರೆ ಇನ್ನೂ ಜೋರಾಗಿ ಬೀಸಿದ. ವಿಜ್ಞಾನಿ, ಭಾಷಣಕಾರ, ನಲವತ್ತೆಂಟು ವೋಲ್ಟಿನ ಒಡೆಯ ಈಗ ರಟ್ಟು ಬೀಸುತ್ತಿದ್ದಾನೆ! ಕೈ ಸೋತರೆ ನಾಗಶ್ರೀ ಬೀಸಿದಳು. ಅವಳ ಕೈ ಸೋತರೆ ಮತ್ತೆ ಅವನು. ಪುಟ್ಟಮಾದಮ್ಮ ಅದನ್ನೇ ನೋಡುತ್ತ ಕೂತಿದ್ದವಳು ಮೆಲ್ಲಗೆ ಕೇಳಿದಳು.

"ಬದುಕಿದ್ದಾಗ ಒಂದ್ ದಿನಾನಾದ್ರೂ ಅಪ್ಪಂಗೆ ಗಾಳಿ ಬೀಸಿದ್ಯೇನ್ಲಾ ಮಗ?"

ಸಿದ್ದೇಶ್ ರಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಬೀಸುವುದನ್ನು ನಿಲ್ಲಿಸಲಿಲ್ಲ.

ಬಿಸಿಲು ಜಗುಲಿಯಿಂದ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ಶೋಭಿತಾ ಬ್ಯಾಗನ್ನು ಅಂಗಳದಲ್ಲೇ ಬಿಸಾಡಿ ಒಳಗೆ ಓಡಿಬಂದಳು. ಪೆಟ್ಟಿಗೆ ತೆರೆದಿರುವುದು ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಬಗ್ಗಿ ಅಪ್ಪನ ಎರಡು ಕೆನ್ನೆಯನ್ನೂ ಅಂಗೈಯಲ್ಲಿ ಹಿಡಿದಳು, ಹಣೆಗೆ ಹಣೆ ಹಚ್ಚಿದಳು. ಅವಳ ಅಳು ಕೇಳಿ ಹೊರಗಿದ್ದ ಗಂಡಸರೂ ತಲೆತಗ್ಗಿಸಿದರು.

ಅಳು ಸ್ವಲ್ಪ ತಗ್ಗಿದ ಮೇಲೆ ಸಿದ್ದೇಶ್ ತಪ್ಪಿತಸ್ಥನ ಹಾಗೆ ಹತ್ತಿರ ಹೋದ. ಕೈಯಲ್ಲಿ ಇನ್ನೂ ರಟ್ಟು ಹಾಗೇ ಇತ್ತು.

"ಕರೆಂಟು ಉಳಿಸ್ಕೊಳ್ಳಕ್ಕಾಗ್ಲಿಲ್ಲ ಕಣವ್ವ. ಪೆಟ್ಟಿಗೆ ಕೈಕೊಡ್ತು. ಅಪ್ಪನ್ನ ಹಂಗೇ ಇಟ್ಕೊಂಡಿರ್ತೀನಿ ಅಂದಿದ್ದೆ..."

ಶೋಭಿತಾ ತಲೆ ಎತ್ತಿದಳು.

"ದಾರಿಯುದ್ದಕ್ಕೂ ಅದೇ ಅಂದ್ಕೊಂಡು ಬಂದೆ ಅಣ್ಣ. ಗಾಜಿನ ಮ್ಯಾಲಿಂದ ನೋಡ್ಬೇಕಲ್ಲ, ಮುಟ್ಟಿದ್ರೆ ಐಸಿನಂಗೆ ಕೊರೀತಾರಲ್ಲ ಅಂತ. ಬಾ ಇಲ್ಲಿ, ಮುಟ್ಟು. ಅಪ್ಪ ತಣ್ಣಗಿಲ್ಲ ಕಣಣ್ಣ."

ಸಿದ್ದೇಶ್ ನಿನ್ನೆಯಿಂದ ಪೆಟ್ಟಿಗೆ ಮುಟ್ಟಿದ್ದ, ವೈರು ಮುಟ್ಟಿದ್ದ, ಬಂದವರ ಕೈಕಾಲು ಮುಟ್ಟಿದ್ದ. ಅಪ್ಪನನ್ನು ಮುಟ್ಟಿರಲಿಲ್ಲ. ರಟ್ಟು ಕೆಳಗಿಟ್ಟು ಕೆನ್ನೆ ಮೇಲೆ ಕೈಯಿಟ್ಟ. ಗಡ್ಡದ ಕೂಳೆ ಅಂಗೈಗೆ ಚುಚ್ಚಿತು. ಮಧ್ಯಾಹ್ನದ ಸೆಕೆಗೆ ಅಪ್ಪನ ಕೆನ್ನೆ ಬೆಚ್ಚಗಿತ್ತು, ಮಲಗಿದ್ದವರನ್ನು ಎಬ್ಬಿಸಲು ಹೋದಾಗ ಇರುವಷ್ಟೇ ಬೆಚ್ಚಗಿತ್ತು. ಆಗ ಅವನು ಯಾವ ವೋಲ್ಟೂ ನೆನಪಾಗದೆ ಬಾಯಿಬಿಟ್ಟು ಅತ್ತ. ಅಣ್ಣ ಒಂದು ಕೆನ್ನೆ, ತಂಗಿ ಒಂದು ಕೆನ್ನೆ ಹಿಡಿದುಕೊಂಡು ಅತ್ತರು.

ಆ ಗಳಿಗೆಯಲ್ಲೇ ನೆತ್ತಿಯ ಮೇಲೆ ಫ್ಯಾನು ತಿರುಗಿತು. ಪೆಟ್ಟಿಗೆ ಗುರ್ ಎಂದಿತು. ಬೀದಿಯಲ್ಲಿ ಹೋ ಎಂದು ಕೂಗೆದ್ದಿತು. ಚಿಕ್ಕಬೋರಯ್ಯ ಜಗುಲಿಯಿಂದ ಎದ್ದು ಒಳಗೆ ಓಡಿಬಂದ.

"ಕರೆಂಟು ಬಂತು ಕಣ್ಲಾ ಸಿದ್ದೇಸ! ತತ್ತಾ, ಬಿರ್ನೆ ಮುಚ್ಚಳ ಆಕು!"

ಸಿದ್ದೇಶ್ ಅಪ್ಪನ ಕೆನ್ನೆಯಿಂದ ಕೈ ತೆಗೆಯಲಿಲ್ಲ. ಇನ್ನೊಂದು ಕೈ ಚಾಚಿ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕಿತ್ತ.

"ಕರೆಂಟು ಬಂದಿದ್ರೆ ಆಚೆ ಕುಂತ್ಕೊಳ್ಳಕ್ಕೇಳು ದೊಡ್ಡಪ್ಪ" ಎಂದ. "ನಾವಿನ್ನೂ ಅಪ್ಪನ್ನ ನೋಡ್ತಿದ್ದೀವಿ."