ಕುರಿಯ ಹೊಟ್ಟೆ, ನನ್ನ ಹೆಗಲು

ತನಗೊಂದು ಹೊಟ್ಟೆ ಇದೆ ಎನ್ನುವುದು ಅದು ಕೈಕೊಡುವ ತನಕ ಮನುಷ್ಯನಿಗೆ ನೆನಪಿರುವುದಿಲ್ಲ. ನಾನಂತೂ ನನ್ನ ಹೊಟ್ಟೆಯ ಬಗ್ಗೆ ಬಹಳ ಜಂಬ ಕೊಚ್ಚಿಕೊಂಡವನು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆನಲ್ಲ, ಮದುವೆಮನೆಯ ಪಂಕ್ತಿಯಲ್ಲಿ ಕೂತು, "ಕಬ್ಬಿಣ ಬಡಿಸಿದ್ರೂ ಅರಗಿಸ್ಕೊಳ್ತೀನಿ, ಹಾಕ್ರಿ" ಎಂದು ಹೋಳಿಗೆಯ ಮೇಲೆ ಹೋಳಿಗೆ ಇಳಿಸುತ್ತಿದ್ದೆ. ಯಾರ ದೃಷ್ಟಿ ತಾಗಿತೋ, ಒಂದು ದಿನ ಉಂಡೆದ್ದ ಕೂಡಲೇ ಎದೆಯ ಕೆಳಗೆ ಒಲೆ ಹಚ್ಚಿದಂಥ ಉರಿ ಶುರುವಾಯಿತು. ಮಜ್ಜಿಗೆ ಕುಡಿದೆ, ಜೀರಿಗೆ ಕಷಾಯ ಕುಡಿದೆ, ಜಗ್ಗಲಿಲ್ಲ. ನಮ್ಮಪ್ಪ ತೀರಿಕೊಂಡಿದ್ದು ಹೊಟ್ಟೆಯ ಕಾಯಿಲೆಯಿಂದ. ಅವರಿಗೂ ಹೀಗೇ ಉರಿಯಿಂದಲೇ ಶುರುವಾಗಿತ್ತು. ಇದನ್ನು ನಾನಾಗಲಿ ನನ್ನ ಹೆಂಡತಿ ಗಿರಿಜೆಯಾಗಲಿ ಬಾಯಿಬಿಟ್ಟು ಆಡಲಿಲ್ಲ. ಆದರೆ ಇಬ್ಬರಿಗೂ ಅದೇ ಭಯ.

ಶಿವಮೊಗ್ಗದ ಡಾಕ್ಟರು ಗಂಟಲಲ್ಲಿ ಕೊಳವೆ ಇಳಿಸಿ, ಹೊಟ್ಟೆಯ ಒಳಗಿನಿಂದ ಚೂರು ಚಿವುಟಿ ಪರೀಕ್ಷೆಗೆ ಕಳಿಸಿದರು. "ಎಲೆ ಅಡಿಕೆ, ಹೊಗೆಸೊಪ್ಪು ಇವತ್ತಿಂದಲೇ ಬಿಡ್ಬೇಕು" ಎಂದರು. "ಬಿಟ್ಟೆ ಸಾರ್" ಎಂದೆ. ಹೆಂಡತಿಗೂ ಹಾಗೇ ಹೇಳಿದೆ. ಹೇಳುವುದೇನು ಸುಲಭ! ಗದ್ದೆಯನ್ನೆಲ್ಲ ತೋಟ ಮಾಡಿ ಅಡಿಕೆ ಹಾಕುವ ಸೀಮೆ ನಮ್ಮದು. ಮನೆಗೆ ಬಂದವರ ಮುಂದೆ ಎಲೆ ಅಡಿಕೆ ತಟ್ಟೆ ಇಡದಿದ್ದರೆ ಮಾತೇ ಹುಟ್ಟುವುದಿಲ್ಲ. ಹಾಗಾಗಿ ದಿನಾ ಸಂಜೆ ಭದ್ರಾವತಿ ಬಸ್ ನಿಲ್ದಾಣದ ಬೀಡಾ ಅಂಗಡಿಯ ಹಿಂದೆ ನಿಂತು ಜಗಿಯುವುದು, ನಲ್ಲಿಯಲ್ಲಿ ಬಾಯಿ ಮುಕ್ಕಳಿಸುವುದು, ಏಲಕ್ಕಿ ಕಡಿದು ಸಭ್ಯನಂತೆ ಮನೆ ಸೇರುವುದು ನಡೆದೇ ಇತ್ತು.

ಆಗ ನನ್ನ ಅಕ್ಕನ ಮಗಳು ಶೈಲಾ ಶಿವಮೊಗ್ಗದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಯಾವುದರ ಮೇಲೆ ಅಂತೀರಿ? ಹೊಟ್ಟೆಯ ಒಳಪದರದ ಜೀವಕೋಶಗಳಲ್ಲಿರುವ ಸಕ್ಕರೆಯ ಅಣುಗಳ ಮೇಲೆ! "ಓದೋಕೆ ಲೋಕದಲ್ಲಿ ಬೇರೇನೂ ಸಿಗ್ಲಿಲ್ವೇನೇ ಮಾರಾಯ್ತಿ?" ಎಂದು ಅಕ್ಕ ತಲೆ ಚಚ್ಚಿಕೊಂಡಿದ್ದಳು. ನಾನೂ ನಕ್ಕಿದ್ದೆ. ನನ್ನ ಹೊಟ್ಟೆಯೇ ಪರೀಕ್ಷೆಗೆ ಕೂತ ಮೇಲೆ ನಗು ನಿಂತಿತು.

"ಮಾಮ, ಹೊಟ್ಟೆಯೊಳಗಿನ ಆಸಿಡ್ ಎಂಥದ್ದನ್ನೂ ಕರಗಿಸುತ್ತೆ. ಹೊಟ್ಟೆನೇ ಯಾಕೆ ಕರಗಲ್ಲ ಹೇಳಿ?"

"ದೇವರ ದಯೆ ಕಣೇ."

"ಲೋಳೆ ಮಾಮ, ಲೋಳೆ! ಒಳಪದರದ ಕೋಶಗಳು ಬಿಡೋ ಲೋಳೆ. ಅದರಲ್ಲಿ ಸಕ್ಕರೆ ಅಣುಗಳು ಸರಪಳಿ ಥರ ಇರ್ತವೆ, ಅವೇ ಕಾಯೋದು. ಕಾಯಿಲೆ ಬಂದ್ರೆ ಆ ಸರಪಳಿನೇ ಬದಲಾಗುತ್ತೆ."

"ಹಾಗಾದ್ರೆ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಸ್ಕೊಳ್ಲಾ?" ಎಂದೆ. ತಮಾಷೆ ಮಾಡಿದೆನೇ ಹೊರತು ಅವಳ ಕೊನೆಯ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ರಿಪೋರ್ಟ್ ಬರುವ ದಿನ ಗಿರಿಜೆಯೂ ಜೊತೆಗೆ ಬಂದಳು. ಡಾಕ್ಟರು ಮಧ್ಯಾಹ್ನ ಬನ್ನಿ ಎಂದಿದ್ದರಿಂದ ಅಲ್ಲಿಯವರೆಗೆ ಶೈಲಾಳ ಪ್ರಯೋಗಾಲಯದಲ್ಲಿ ಕೂತೆವು. ಗಿರಿಜೆ ತುಟಿಯಲ್ಲೇ 'ಶಿವ ಶಿವ' ಅನ್ನುತ್ತಿದ್ದಳು. "ಸುಮ್ನೆ ಕೂತ್ರೆ ತಲೆ ಕೆಡುತ್ತೆ ಮಾಮ, ಬನ್ನಿ, ಹೊಟ್ಟೆ ಒಳಗೆ ಹೆಂಗಿರುತ್ತೆ ತೋರಿಸ್ತೀನಿ" ಎಂದು ಶೈಲಾ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

ಒಂದು ಕಣ್ಣು ಮುಚ್ಚಿ ಬಗ್ಗಿ ನೋಡಿದೆ. ಎದೆ ಧಸಕ್ಕೆಂದಿತು. ಅಂಚಿನುದ್ದಕ್ಕೂ ಕೆಂಪು! ನಮ್ಮ ಬಸ್ ನಿಲ್ದಾಣದ ಗೋಡೆಯ ಮೂಲೆಯ ಕೆಂಪು. ಆ ಮೂಲೆಗೆ ನನ್ನ ಕಾಣಿಕೆಯೂ ಸಾಕಷ್ಟು ಸಂದಿತ್ತಾದ್ದರಿಂದ ಗುರುತು ಹಿಡಿಯಲು ಹೊತ್ತಾಗಲಿಲ್ಲ.

"ತಪ್ಪಾಯ್ತು ಶೈಲಾ" ಎಂದೆ. "ದಿನಾ ಸಂಜೆ ಒಂದೇ ಒಂದು ಕಣಮ್ಮ. ನಿನ್ನೆನೂ ಹಾಕಿದ್ದೆ. ಹೊಗೆಸೊಪ್ಪು ಸ್ವಲ್ಪವೇ ಸ್ವಲ್ಪ. ಇಷ್ಟು ಒಳಗಿನ ತನಕ ಬಣ್ಣ ಹಿಡಿಯುತ್ತೆ ಅಂತ ಗೊತ್ತಿರ್ಲಿಲ್ಲ."

ಶೈಲಾ ಪಿಳಿಪಿಳಿ ನೋಡಿದಳು. "ಏನು ಹಾಕಿದ್ರಿ ಮಾಮ? ಕೆಂಪು ನಾವು ಹಾಕಿರೋ ಬಣ್ಣ, ಸಕ್ಕರೆ ಇರೋ ಕಡೆಯೆಲ್ಲ ಹತ್ಕೊಳ್ಳುತ್ತೆ. ಅದೂ ಅಲ್ದೆ ಇದು ನಿಮ್ಮದಲ್ಲ, ಕುರಿದು!"

ಲಿಂಗ ಕಟ್ಟಿದವನು ಕುರಿಯ ಹೊಟ್ಟೆಗೆ ಕಣ್ಣು ತಾಗಿಸಿ ಕೂತಿದ್ದೆನಲ್ಲ ಎಂದು ಮಾರು ದೂರ ಸರಿದೆ. ಸರಿದರೆ ಬೆನ್ನ ಹಿಂದೆ ಗಿರಿಜೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ" ಎಂದಳು ಅವಳು ತಣ್ಣಗೆ. "ಇಲ್ಲಿ ಯಾರೂ ಕಳ್ಳ ಅಂತ್ಲೂ ಅನ್ಲಿಲ್ಲ."

ಮಧ್ಯಾಹ್ನ ಡಾಕ್ಟರ ಮುಂದೆ ಹೋಗಿ ಕೂತೆವು. ಅವರು ರಿಪೋರ್ಟ್ ಓದಿ, "ಕೆಟ್ಟದ್ದೇನೂ ಇಲ್ಲ ಕಣ್ರೀ. ಒಳಪದರ ಸ್ವಲ್ಪ ಕೆರಳಿದೆ, ಮಾತ್ರೆಗೆ ಹೋಗುತ್ತೆ" ಎಂದರು. ಅಬ್ಬಾ! ಅವರ ಕಾಲಿಗೆ ಬೀಳೋಣ ಅನ್ನಿಸಿತು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಗಿರಿಜೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭದ್ರಾವತಿ ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡು, "ಎದೆ ಮೇಲಿನ ಕಲ್ಲು ಇಳೀತು. ಅದಕ್ಕೇ ಇವತ್ತು ಏನೂ ಅನ್ನಲ್ಲ. ಬೈಯೋದೆಲ್ಲ ನಾಳೆ ಬೈತೀನಿ" ಎಂದಳು. ಮಾತಿಗೆ ತಪ್ಪುವ ಹೆಂಗಸಲ್ಲ. ಮಾರನೆಯ ದಿನ ಕಾಫಿಗೂ ಮುಂಚೆ ಶುರುಮಾಡಿದಳು.

ಅವತ್ತಿನಿಂದ ಬಿಟ್ಟಿದ್ದೇನೆ, ನಿಜವಾಗಿಯೂ. ನೆಂಟರು ಬಂದಾಗ, "ಎಂಥಾ ಗಟ್ಟಿ ಮನಸ್ಸು ರೀ ನಿಮ್ದು!" ಎಂದು ಹೊಗಳುತ್ತಾರೆ. ನಾನು ಇನ್ನೂ ಎದೆ ಉಬ್ಬಿಸುವಷ್ಟರಲ್ಲಿ ಒಳಗಿನಿಂದ ಗಿರಿಜೆಯ ದನಿ ಬರುತ್ತದೆ: "ಇವರೆಲ್ಲಿ ಬಿಟ್ರು? ಕುರಿ ಬಿಡಿಸಿದ್ದು." ನಾನು ನಗುತ್ತೇನೆ. ಯಾವುದಾದರೂ ಮದುವೆಯಲ್ಲಿ ಎಲೆ ಅಡಿಕೆ ತಟ್ಟೆಯ ಮುಂದೆ ಕೂತುಬಂದ ಮರುದಿನವಾಗಿದ್ದರೆ ಮಾತ್ರ, ಕೈ ತನ್ನಷ್ಟಕ್ಕೆ ಹೆಗಲ ಕಡೆ ಹೋಗುತ್ತದೆ.