ನಾಲ್ಕು ಗಂಟೆಯ ನಗು

ಬೂಟಿನಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಆಸಾಮಿ ಕೌನ್ಸೆಲರ್ ಮೇಡಂ ಹತ್ತಿರ ಹೋಗತೊಡಗಿದ್ದೇ ಹೊಟ್ಟೆಕಿಚ್ಚು ಇಳಿಸಿಕೊಳ್ಳಲು. ಅಲ್ಲಿ ಅದು ಇಮ್ಮಡಿಯಾಯಿತು. ಇವನ ಸರದಿ ನಾಲ್ಕಕ್ಕೆ. ಅದಕ್ಕೂ ಮುಂಚಿನದು ಇವನ ಮನೆಯ ಮೇಲಿನ ಮಹಡಿಯವನದು. ಬಾಗಿಲ ಹೊರಗೆ ಕಂದು ಬೂಟು ಕಂಡರೆ ಅವನು ಒಳಗಿದ್ದಾನೆಂದೇ ಅರ್ಥ. ಆ ಜೋಡಿ ಮಾರಿದವನೇ ಇವನು. ಒಳಗೆ ಮೇಡಂ ಬಿದ್ದು ಬಿದ್ದು ನಗುತ್ತಿದ್ದರು. ಇವನು ಹೋಗಿ ಕೂತರೆ ಮಾತ್ರ ಬರೀ "ಹ್ಞೂಂ, ಹೇಳಿ." ಒಂದೇ ಬೂಟು ವಾಪಸ್ ಕೊಡಲು ಬಂದ ಗಿರಾಕಿಯ ಕತೆಯನ್ನು ಇವನು ಕೈಕಾಲು ಆಡಿಸಿ ಹೇಳಿದರೂ ಆ ಮುಖ ಎಳೆದ ಷಟರ್‌ನಂತೆ ಇತ್ತು.

"ಇವತ್ತಿಂದ ಅವರ ಸಹವಾಸ ಬೇಡ. ಪಕ್ಕದ ಬೀದೀಲಿ ಇನ್ನೊಬ್ರು ಕೌನ್ಸೆಲರ್ ಇದ್ದಾರೆ," ಎಂದ ಒಂದು ಬೆಳಿಗ್ಗೆ ಹೆಂಡತಿಗೆ.

"ಹಾಗಾದ್ರೆ ನಾಲ್ಕು ಗಂಟೆ ಖಾಲಿನಾ?"

ಫೋನ್ ಮಾಡಿ ಹೇಳಿಯೂ ಆಯಿತು ಎಂದು ಎದೆಯುಬ್ಬಿಸಿದ.

ಮಧ್ಯಾಹ್ನ ಅಂಗಡಿಯಲ್ಲಿ ಹಲ್ಲುನೋವೆಂದು ಸುಳ್ಳು ಹೇಳಿದ. ಕರುಣಾಳು ಮಾಲೀಕರು ಹಿಡಿ ಲವಂಗ ಬಾಯಿಗೆ ತುರುಕಿ ಕಳಿಸಿದರು. ಹೊಟ್ಟೆಯಲ್ಲಿದ್ದ ಉರಿ ಸಾಲದೆಂಬಂತೆ ಬಾಯಿಯೂ ಉರಿಯುತ್ತ ಹೊಸಬರ ಮೆಟ್ಟಿಲು ಹತ್ತಿದರೆ, ಬಾಗಿಲ ಹೊರಗೆ ಅದೇ ಕಂದು ಬೂಟು.

ಮಹಡಿಯವನು ಮುಖ ಸಪ್ಪಗೆ ಮಾಡಿಕೊಂಡು ಹೊರಬಂದ. ಮೇಡಂ ಅವರನ್ನು ತಾನೂ ಬಿಟ್ಟೆನೆಂದ.

"ನನ್ನ ಕಷ್ಟ ಕೇಳಿ ನಗೋರು ಕಣ್ರೀ. ಲೇಸ್ ಕಟ್ಟೋ ನೆಪದಲ್ಲಿ ಬಾಗಿಲಿಗೆ ಕಿವಿ ಕೊಟ್ಟಿದ್ದೀನಿ, ನೀವು ಒಳಗೆ ಹೋದ್ರೆ ಅವರದ್ದು ಪಿಟ್ ಅನ್ನೋ ಶಬ್ದ ಇಲ್ಲ. ಅಷ್ಟು ಮನಸ್ಸಿಟ್ಟು ನಂದು ಯಾವತ್ತು ಕೇಳಿದ್ರು? ಹೊಟ್ಟೆ ಉರಿದುಹೋಯ್ತು."

ತನ್ನನ್ನು ನೋಡಿ ಒಬ್ಬ ಹೊಟ್ಟೆ ಉರಿದುಕೊಂಡಿದ್ದಾನೆ! ಹುಟ್ಟಿದ ಮೇಲೆ ಇಂಥ ಸುಖ ಕಂಡವನಲ್ಲ. ಲವಂಗವನ್ನೆಲ್ಲ ಉಗುಳಿ, ಎರಡೆರಡು ಮೆಟ್ಟಿಲು ಹಾರಿ, ಹಳೆಯ ಮೇಡಂ ಕಡೆ ಓಡಿದ. ನಾಲ್ಕು ಗಂಟೆ ಮತ್ತೆ ತನ್ನದಾಗಬೇಕು. ಆ ಮೌನವೆಲ್ಲ ತನ್ನೊಬ್ಬನಿಗೇ ಬೇಕು.

ಅಲ್ಲಿ ಬಾಗಿಲ ಮುಂದೆ ಒಂದು ಜೊತೆ ನೀಲಿ ಚಪ್ಪಲಿ. ಎಡಗಾಲಿನ ಪಟ್ಟಿಗೆ ಹಾಕಿದ್ದ ಹೊಲಿಗೆ ತನ್ನದೇ ಕೈಯದು.

"ಅವನು ಒಂದೇ ಬೂಟು ತಂದಿದ್ದ ಮೇಡಂ, ಅರ್ಧ ದುಡ್ಡು ಕೊಡಿ ಸಾಕು ಅಂದನಂತೆ," ಎನ್ನುತ್ತಿದ್ದಳು ಹೆಂಡತಿ.

ಮೇಡಂ ನಕ್ಕ ರಭಸಕ್ಕೆ ಒಳಗೆ ನೀರಿನ ಲೋಟ ಉರುಳಿದ ಸದ್ದಾಯಿತು.

ನಮ್ಮ ಆಸಾಮಿ ಮೆಲ್ಲಗೆ ಕುಕ್ಕರಿಸಿ, ಲೇಸೇ ಇಲ್ಲದ ತನ್ನ ಚಪ್ಪಲಿಯ ಮೇಲೆ ಬಗ್ಗಿ, ಬಾಗಿಲಿಗೆ ಕಿವಿ ಕೊಟ್ಟ.